ಪರದೇಶದಲ್ಲಿ ಫೋನ್ ಬಂದ್ ಆದರೆ: ಯಾವ ನೋಂದಣಿ ಕೆಟ್ಟಿದೆ ಎಂದು ಹುಡುಕುವ ಬಗೆ

"ತಮ್ಮನ ಫೋನ್ ಹತ್ತವಲ್ದು." ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ದುಬೈ, ರಿಯಾದ್, ದೋಹಾ ಅಂತ ದುಡಿಯಲು ಹೋದವರ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಆಮೇಲೆ ಯಾರದೋ ವಾಟ್ಸ್ಆ್ಯಪ್‌ನಿಂದ ಸುದ್ದಿ ಬರುತ್ತದೆ: "ನೋಂದಣಿ ಪ್ರಾಬ್ಲಂ ಅಂತ, ದುಡ್ಡು ಕಟ್ಟಬೇಕಂತೆ."

ಯಾವ ನೋಂದಣಿ? ಇದನ್ನು ಕೇಳದೆ ದುಡ್ಡು ಕಟ್ಟಿದವರೇ ಜಾಸ್ತಿ. ಫೋನ್ ಎಂಬ ಯಂತ್ರಕ್ಕೆ ಒಂದು ನೋಂದಣಿ ಇರುತ್ತದೆ. ಸಿಮ್‌ಗೆ ಇನ್ನೊಂದು. ಆ ನಂಬರನ್ನು ಅಲ್ಲಿನ ಸರ್ಕಾರಿ ಆ್ಯಪ್‌ಗೆ, ಬ್ಯಾಂಕಿಗೆ ಜೋಡಿಸಿದ್ದು ಮತ್ತೊಂದು. ಊರಿನ ನಂಬರಿನ ಕಥೆ ಪೂರ್ತಿ ಬೇರೆ. ಒಂದೊಂದನ್ನು ನೋಡಿಕೊಳ್ಳುವವರು ಒಬ್ಬೊಬ್ಬರು. ಸಿಮ್ ಕಂಪನಿಗೆ ಹೋಗಿ ಕಸ್ಟಮ್ಸ್ ಕೆಲಸ ಕೇಳಿದರೆ ಅವರೇನು ಮಾಡಿಯಾರು? ಹಾಗಾಗಿ ಮೊದಲು ಕೆಟ್ಟಿದ್ದು ಯಾವುದು ಎಂದು ಗೊತ್ತಾಗಲಿ. ಅಲ್ಲಿಯವರೆಗೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಎಲ್ಲಕ್ಕಿಂತ ಮೊದಲು: ಖರ್ಚಿಲ್ಲದ ಪರೀಕ್ಷೆ

ರೀಚಾರ್ಜ್ ಮುಗಿದಿದೆಯಾ ನೋಡಿ. ಬಿಲ್ ಬಾಕಿ ಇದೆಯಾ ನೋಡಿ. ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇಷ್ಟಕ್ಕೇ ಸರಿಹೋಗುವುದೂ ಉಂಟು.

ಸರಿಹೋಗಲಿಲ್ಲ ಅಂದರೆ ಸಿಮ್ ಅದಲುಬದಲು ಮಾಡಿ. ಅಲ್ಲಿನ ನಿಮ್ಮ ಸಿಮ್ ತೆಗೆದು ರೂಮಿನ ಗೆಳೆಯರ ಫೋನಿಗೆ ಹಾಕಿ. ಅವರ ಸಿಮ್ ನಿಮ್ಮ ಫೋನಿಗೆ ಹಾಕಿ. ನಿಮ್ಮ ಸಿಮ್ ಅವರ ಫೋನಿನಲ್ಲಿ ನಡೆದು, ಅವರ ಸಿಮ್ ನಿಮ್ಮ ಫೋನಿನಲ್ಲಿ ನಡೆಯದಿದ್ದರೆ ತೊಂದರೆ ಫೋನಿನದು. ಇದು ತಿರುವು ಮುರುವಾದರೆ ತೊಂದರೆ ಸಿಮ್‌ನದು. ಎರಡೂ ಚೆನ್ನಾಗಿ ನಡೆದರೆ ಸಿಮ್ ಸರಿಯಾಗಿ ಕೂತಿರಲಿಲ್ಲ, ಅಥವಾ ಸೆಟ್ಟಿಂಗ್ ಏನೋ ತಪ್ಪಿತ್ತು. ಎರಡೂ ನಡೆಯದಿದ್ದರೆ ಒಂದು ತಾಸು ಕಾಯಿರಿ, ಆ ಜಾಗದಲ್ಲಿ ನೆಟ್‌ವರ್ಕೇ ಬಿದ್ದಿರಬಹುದು.

ಟರ್ಕಿಯಲ್ಲಿ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಪ್ರಯಾಣಿಕರು ಹೊರಗಿನಿಂದ ತಂದು ನೋಂದಾಯಿಸಿದ ಫೋನು ಅಲ್ಲಿ ನೋಂದಾಯಿಸಿದವರ ಹೆಸರಿನ ಸಿಮ್‌ಗೆ ಮಾತ್ರ ಜೋಡಿ. ಗೆಳೆಯರ ಸಿಮ್ ಅದರಲ್ಲಿ ನಡೆಯದಿದ್ದರೆ ಫೋನ್ ಕೆಟ್ಟಿದೆ ಎಂದು ಅರ್ಥವಲ್ಲ.

ಎರಡು ಎಚ್ಚರಿಕೆ ಇಲ್ಲೇ ಹೇಳಬೇಕು. ಬ್ಯಾಂಕಿನ ಓಟಿಪಿ ಬರುವ ಊರಿನ ಸಿಮ್ಮನ್ನು ಗುರುತಿಲ್ಲದವರ ಫೋನಿಗೆ ಹಾಕಬೇಡಿ. ಸಿಮ್ ಪಿನ್ ಕೇಳಿದರೆ ಅಂದಾಜಿನ ಮೇಲೆ ಒತ್ತಬೇಡಿ. ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಸಿಮ್ ಬಿಡಿಸುವ ಸಂಖ್ಯೆ, ಕೇಳುತ್ತದೆ, ಅದನ್ನು ಹತ್ತು ಸಲ ತಪ್ಪು ಹಾಕಿದರೆ ಆ ಸಿಮ್ ಮುಗಿದ ಹಾಗೆ. ಪಿಯುಕೆ ಸಿಮ್ ಬಂದ ಕಾರ್ಡಿನ ಮೇಲೆ ಇರುತ್ತದೆ, ಇಲ್ಲವೇ ಕಂಪನಿಯವರು ಗುರುತು ನೋಡಿ ಕೊಡುತ್ತಾರೆ.

ಕಾಲಿಟ್ಟ ದಿನದಿಂದಲೇ ಅಲ್ಲಿನ ಸಿಮ್ ಹತ್ತುತ್ತಿಲ್ಲ

ಇದು ಬಹುತೇಕ ನೋಂದಣಿಯ ತೊಂದರೆಯೇ ಅಲ್ಲ. ಫೋನಿಗೆ ಲಾಕ್ ಇರಬಹುದು. ಅಮೆರಿಕದಿಂದ ಅಣ್ಣ ಕಳಿಸಿದ ಫೋನ್, ಕಂತಿನ ಮೇಲೆ ತೆಗೆದುಕೊಂಡ ಫೋನ್ ಇವೆಲ್ಲ ಒಂದೇ ಕಂಪನಿಗೆ ಕಟ್ಟುಬಿದ್ದಿರುವುದುಂಟು. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅಲ್ಲಿಂದ ಅಬೌಟ್‌ಗೆ ಹೋಗಿ 'ಕ್ಯಾರಿಯರ್ ಲಾಕ್' ಎಂಬ ಸಾಲು ನೋಡಿ. 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದಿದ್ದರೆ ಲಾಕ್ ಇಲ್ಲ. ಲಾಕ್ ಇದ್ದರೆ ಅದನ್ನು ತೆಗೆಯಬೇಕಾದವರು ಫೋನ್ ಕೊಟ್ಟ ಆ ಮೂಲ ಕಂಪನಿಯವರು.

ಸ್ಯಾಮ್‌ಸಂಗ್‌ನ ಕೆಲವು ಮಾಡೆಲ್‌ಗಳಲ್ಲಿ ಇನ್ನೊಂದು ಬಗೆ ಇದೆ. ಮಾರಾಟವಾದ ದೇಶದ ಸಿಮ್ ಹಾಕಿ ಐದು ನಿಮಿಷ ಮಾತಾಡಿದ ಮೇಲೇ ಅದು ಬೇರೆ ದೇಶದ ಸಿಮ್ ಒಪ್ಪುತ್ತದೆ. ಡಬ್ಬಿಯ ಮೇಲೇ ಚೀಟಿ ಅಂಟಿಸಿರುತ್ತಾರೆ, ಯಾರೂ ಓದುವುದಿಲ್ಲ. ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನಲ್ಲಿ ಹೊಸ ಫೋನ್ ತೆಗೆದುಕೊಂಡು, ಸೀಲ್ ಒಡೆಯದೆ ಬ್ಯಾಗಿನಲ್ಲಿಟ್ಟು ವಿಮಾನ ಹತ್ತುವವರಿಗೆ ಈ ಮಾತು. ಇಲ್ಲೇ ಒಡೆಯಿರಿ, ಇಲ್ಲಿನ ಸಿಮ್ ಹಾಕಿ ಮನೆಯವರ ಜೊತೆ ಸ್ವಲ್ಪ ಹೊತ್ತು ಮಾತಾಡಿ, ಆಮೇಲೆ ಒಯ್ಯಿರಿ.

ಇನ್ನು *#06# ಒತ್ತಿ. ಹದಿನೈದು ಅಂಕಿಯ ಐಎಂಇಐ, ಅಂದರೆ ಫೋನ್ ಯಂತ್ರದ ಗುರುತಿನ ನಂಬರ್, ತೋರಿಸಬೇಕು. ಎರಡು ಸಿಮ್ ಹಿಡಿಸುವ ಫೋನಿನಲ್ಲಿ ಅಂಥವು ಎರಡು ಇರುತ್ತವೆ. ಅದರ ಪಕ್ಕ ಮೂವತ್ತೆರಡು ಅಂಕಿಯ ಇಐಡಿ ಕಂಡರೆ ಅದು ಇ-ಸಿಮ್‌ನ (ಫೋನಿನೊಳಗೇ ಕೂಡಿಸಿರುವ ಸಿಮ್) ಗುರುತು. ಫಾರಂ ತುಂಬುವಾಗ ಅದನ್ನು ಐಎಂಇಐ ಎಂದು ಬರೆಯಬೇಡಿ. ಬರೀ ಸೊನ್ನೆಗಳು ಬಂದರೆ, ಅಥವಾ ಏನೂ ಬರದಿದ್ದರೆ ಯಂತ್ರವೇ ಕೆಟ್ಟಿದೆ. ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟು ಬೇರೆಲ್ಲೂ ಕೊಡಬೇಡಿ.

ವಾಟ್ಸ್ಆ್ಯಪ್ ಮೆಸೇಜ್ ಹೋಗುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ ಎಂದು ದುಬೈನಿಂದ ಹೇಳಿದರೆ ಗಾಬರಿ ಬೇಡ. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆಯನ್ನೇ ತಡೆದಿದ್ದಾರೆ. ಅನುಮತಿ ಇರುವ ಬೋಟಿಮ್‌ನಂಥ ಆ್ಯಪ್ ಹಾಕಿಕೊಳ್ಳಿ. ಮನೆಯ ಹಿರಿಯರಿಗೂ ಅದನ್ನು ಹಾಕಿಕೊಟ್ಟು ಹೋಗಿ.

ಮೂರ್ನಾಲ್ಕು ತಿಂಗಳು ಚೆನ್ನಾಗಿತ್ತು, ಒಮ್ಮೆಲೇ ಬಂದ್

ವೈಫೈ ನಡೆಯುತ್ತದೆ. ಊರಿನ ಸಿಮ್ ರೋಮಿಂಗ್‌ನಲ್ಲೂ ನಡೆಯುತ್ತದೆ. ಅಲ್ಲಿನ ಸಿಮ್ ಮಾತ್ರ, ಯಾವ ಕಂಪನಿಯದು ಹಾಕಿದರೂ ಹತ್ತುವುದಿಲ್ಲ. ಈ ಮೂರೂ ಕೂಡಿ ಬಂದರೆ ಐಎಂಇಐ ತಡೆ ಎಂದೇ ತಿಳಿಯಿರಿ. ಹೊರಗಿನಿಂದ ತಂದ ಫೋನಿಗೆ ತೆರಿಗೆ ಕಟ್ಟಿ ನೋಂದಾಯಿಸಬೇಕು ಎನ್ನುವ ದೇಶಗಳಲ್ಲಿ ಹೀಗಾಗುತ್ತದೆ.

ಟರ್ಕಿ ಇದರಲ್ಲಿ ಬಲು ಬಿಗಿ. ಹೊರಗಿನ ಫೋನು ಅಲ್ಲಿನ ಸಿಮ್ ಹಾಕಿಕೊಂಡು 120 ದಿನ ನಡೆಯುತ್ತದೆ. ದೇಶದೊಳಗೆ ಬಂದು 120 ದಿನ ಆಗುವುದರೊಳಗೆ ತೆರಿಗೆ ಕಟ್ಟಿ, ಇ-ದೆವ್ಲೆತ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಬೇಕು. ಅದಕ್ಕೆ ಅಲ್ಲಿ ವಾಸದ ಪರವಾನಗಿ ಇರುವ ವಿದೇಶಿಗರಿಗೆ ಕೊಡುವ, 99ರಿಂದ ಶುರುವಾಗುವ ಗುರುತಿನ ಸಂಖ್ಯೆ ಬೇಕು. ತೆರಿಗೆ ಎಷ್ಟು ಗೊತ್ತಾ? 2024ರಲ್ಲಿ 31,692 ಲಿರಾ ಇತ್ತು, 2025ರಲ್ಲಿ 45,614 ಲಿರಾ ಆಯಿತು. ಆ ವರ್ಷದ ಶುರುವಿನ ದರದಲ್ಲಿ ನಮ್ಮ ರೂಪಾಯಿಗೆ ಲೆಕ್ಕ ಹಾಕಿದರೆ ಒಂದು ಲಕ್ಷ ದಾಟುತ್ತದೆ. ಒಬ್ಬರು ಮೂರು ವರ್ಷಕ್ಕೆ ಒಂದೇ ಫೋನ್ ಹೀಗೆ ನೋಂದಾಯಿಸಬಹುದು. ಹದಿನೈದು ಸಾವಿರದ ಫೋನಿಗೆ ಲಕ್ಷ ಕಟ್ಟುವುದು ಯಾವ ಲೆಕ್ಕ? ಓದಲು ಹೋಗುವ ನಮ್ಮ ಹುಡುಗರಿಗೆ ನನ್ನ ಸಲಹೆ ಇಷ್ಟು: ಅಲ್ಲೇ ಒಂದು ಸಾದಾ ಫೋನ್ ತೆಗೆದುಕೊಂಡು ಅಲ್ಲಿನ ಸಿಮ್ ಅದಕ್ಕೆ ಹಾಕಿ. ಅದರ ಹಾಟ್‌ಸ್ಪಾಟ್‌ನಿಂದ ಊರಿನ ಫೋನ್ ನಡೆಸಿ. ಇದರಲ್ಲಿ ಕಾನೂನು ಮೀರುವ ಮಾತೇ ಇಲ್ಲ.

ಇಂಡೋನೇಷ್ಯಾದಲ್ಲಿ 2020ರ ಸೆಪ್ಟೆಂಬರ್‌ನಿಂದ ಐಎಂಇಐ ತಡೆ ಇದೆ. ಅಲ್ಲಿ ನೋಂದಣಿ ಕಸ್ಟಮ್ಸ್ ಕೈಯಲ್ಲಿ. ವಿಮಾನ ನಿಲ್ದಾಣದಿಂದ ಹೊರಬೀಳುವ ಮೊದಲೇ ಮಾಡಿಸಿದರೆ 500 ಡಾಲರ್ ಬೆಲೆಯವರೆಗೆ ತೆರಿಗೆ ವಿನಾಯಿತಿ ಸಿಗುತ್ತದೆ. ಹೊರಗೆ ಬಂದು ಆಮೇಲೆ ಕಸ್ಟಮ್ಸ್ ಕಚೇರಿಗೆ ಹೋದರೆ ಆ ವಿನಾಯಿತಿ ಇಲ್ಲ. ಒಬ್ಬರಿಗೆ ಎರಡು ಫೋನಿನ ಮಿತಿ. ಪ್ರವಾಸಕ್ಕೆ ಬಂದವರಿಗೆ ಸಿಮ್ ಕಂಪನಿಯೇ 90 ದಿನದ ಅವಕಾಶ ಕೊಡುತ್ತದೆ. ಮೊದಲು ಪ್ರವಾಸಿ ಎಂದು ಹೋಗಿ ಆಮೇಲೆ ಕೆಲಸದ ವೀಸಾಕ್ಕೆ ಬದಲಾದವರಿಗೆ ನಾಲ್ಕನೇ ತಿಂಗಳಿಗೆ ಫೋನ್ ಬಂದ್ ಆಗುವುದು ಇದರಿಂದಲೇ.

ನೋಂದಣಿ ಆಗಿದೆ, ಆದರೂ ಒಂದು ಸಿಮ್ ಮಾತ್ರ ನಡೆಯುತ್ತದೆಯಾ? ಆ ಸಿಮ್ಮನ್ನು ಇನ್ನೊಂದು ಸ್ಲಾಟಿಗೆ ಹಾಕಿ ನೋಡಿ. ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಹತ್ತದಿದ್ದರೆ ಎರಡು ಐಎಂಇಐಗಳಲ್ಲಿ ಒಂದನ್ನು ಮಾತ್ರ ಬರೆಸಿರಬೇಕು. ರಸೀದಿಯ ಅಂಕಿಗಳನ್ನು *#06#ನಲ್ಲಿ ಬಂದ ಅಂಕಿಗಳ ಜೊತೆ ಒಂದೊಂದಾಗಿ ಹೋಲಿಸಿ.

ಇನ್ನೊಂದು ಸಂಗತಿ ಯಾರಿಗೂ ಹೊಳೆಯುವುದಿಲ್ಲ. ರಜೆಗೆ ಊರಿಗೆ ಬಂದಾಗ ಫೋನಿನ ಮದರ್‌ಬೋರ್ಡ್ ಬದಲಾಯಿಸಿದರೆ, ಅಥವಾ ವಾರಂಟಿಯಲ್ಲಿ ಕಂಪನಿ ಬೇರೆ ಸೆಟ್ ಕೊಟ್ಟರೆ, ಐಎಂಇಐಯೂ ಬದಲಾಗಬಹುದು. ನೋಡಲು ಅದೇ ಫೋನ್. ಆ ದೇಶದ ದಾಖಲೆಯಲ್ಲಿ ಅದು ಬೇರೆ ಫೋನ್. ಬದಲಿಸಿದ ಸರ್ವಿಸ್ ಸೆಂಟರ್‌ನಿಂದ ಹಳೆಯ, ಹೊಸ ಎರಡೂ ಐಎಂಇಐ ಬರೆದ ಕಾಗದ ಕೇಳಿ ಪಡೆಯಿರಿ.

ಯುಎಇ, ಸೌದಿಯಲ್ಲಿ ಊರಿನಿಂದ ತಂದ ಫೋನಿಗೆ ಇಂಥ ತೆರಿಗೆ ನೋಂದಣಿ ಇಲ್ಲ. ಅಲ್ಲಿರುವವರಿಗೆ ಯಾರಾದರೂ "ನಿಮ್ಮ ಐಎಂಇಐಗೆ ದುಡ್ಡು ಕಟ್ಟಿ" ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ಫೋನ್ ಸರಿ ಇದೆ, ಸಿಮ್ ಮಾತ್ರ ಸತ್ತಿದೆ

ಗಲ್ಫ್‌ನಲ್ಲಿರುವ ನಮ್ಮವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಇದು ಫೋನಿಗಿಂತ ದೊಡ್ಡ ವಿಷಯ ಆಗಿರಬಹುದು.

ಆ ದೇಶಗಳಲ್ಲಿ ಸಿಮ್ ನಿಮ್ಮ ವಾಸದ ಗುರುತಿನ ಚೀಟಿಗೆ ಕಟ್ಟಿರುತ್ತದೆ. ಯುಎಇಯಲ್ಲಿ ಎಮಿರೇಟ್ಸ್ ಐಡಿ, ಸೌದಿಯಲ್ಲಿ ಇಕಾಮಾ. ಸೌದಿಯಲ್ಲಿ 2016ರಿಂದ ಬೆರಳಚ್ಚು ಕೊಟ್ಟೇ ಸಿಮ್ ಪಡೆಯಬೇಕು. ಚೀಟಿಯ ಅವಧಿ ಮುಗಿದರೆ ಸಿಮ್ ಕೂಡ ನಿಲ್ಲಬಹುದು. ಮೊದಲು ಹೊರಹೋಗುವ ಕರೆ ನಿಂತು, ಆಮೇಲೆ ಎಲ್ಲವೂ ನಿಲ್ಲುವುದುಂಟು.

ಸುಲಭದ್ದರಿಂದ ಶುರು ಮಾಡಿ. ಚೀಟಿ ಹೊಸದಾಗಿ ಬಂದಿದೆ, ಸಿಮ್ ಕಂಪನಿಗೆ ತಿಳಿಸಿಲ್ಲ ಅಷ್ಟೇ ಆಗಿದ್ದರೆ ಕಂಪನಿಯ ಆ್ಯಪ್‌ನಲ್ಲೋ ಮಳಿಗೆಯಲ್ಲೋ ಹೊಸ ಚೀಟಿ ತೋರಿಸಿದರೆ ಮುಗಿಯಿತು. ಪಾಸ್‌ಪೋರ್ಟ್ ಬದಲಾದಾಗಲೂ ಹೀಗೇ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೋದರೆ ನಂಬರೇ ಬೇರೆ ಇರುತ್ತದೆ. ಸಿಮ್ ದಾಖಲೆಯಲ್ಲಿ ಹಳೆಯದೇ ಕೂತಿರುತ್ತದೆ. ಹಳೆಯ ಪಾಸ್‌ಪೋರ್ಟನ್ನು ಎಸೆಯದೆ ಜೊತೆಗೇ ಒಯ್ಯಿರಿ.

ಚೀಟಿಯೇ ನವೀಕರಣ ಆಗಿಲ್ಲ ಎಂದಾದರೆ ಫೋನ್ ರಿಪೇರಿಯ ಮಾತು ಬಿಡಿ. ಸೌದಿಯಲ್ಲಿ ಇಕಾಮಾ ನವೀಕರಿಸುವುದು ಕೆಲಸ ಕೊಟ್ಟವರ ಹೊಣೆ. "ಮಾಡಿಸ್ತೀನಿ, ಮಾಡಿಸ್ತೀನಿ" ಎಂದು ತಿಂಗಳುಗಟ್ಟಲೆ ತಳ್ಳುವ ಮಾಲೀಕರಿದ್ದಾರೆ. ಕೆಲಸಗಾರರಿಗೆ ಅದು ಗೊತ್ತಾಗುವುದು ಸಿಮ್ ನಿಂತ ದಿನ. ಅಬ್ಶೆರ್ ಎಂಬ ಅಲ್ಲಿನ ಸರ್ಕಾರಿ ಆ್ಯಪ್‌ನಲ್ಲಿ ನಿಮ್ಮ ಇಕಾಮಾ ಎಲ್ಲಿಯವರೆಗೆ ಇದೆ ಎಂದು ನೀವೇ ನೋಡಬಹುದು. ಪ್ರತಿ ತಿಂಗಳು ಸಂಬಳ ಬಂದ ದಿನ ಅದನ್ನೊಮ್ಮೆ ನೋಡುವ ರೂಢಿ ಮಾಡಿಕೊಳ್ಳಿ. ಯುಎಇಯಲ್ಲಿ ಎಮಿರೇಟ್ಸ್ ಐಡಿ ಮುಗಿದು 30 ದಿನ ದಾಟಿದರೆ ದಿನಕ್ಕೆ 20 ದಿರ್ಹಮ್ ದಂಡ ಬೀಳುತ್ತದೆ, ಹೆಚ್ಚೆಂದರೆ 1,000 ದಿರ್ಹಮ್‌ವರೆಗೆ.

ಇಂಥ ಹೊತ್ತಿನಲ್ಲಿ ಗೆಳೆಯರ ಹೆಸರಿನ ಸಿಮ್ ಹಾಕಿಕೊಂಡು ದಿನ ನೂಕಬೇಡಿ. ಆ ನಂಬರಿನಿಂದ ಏನಾದರೂ ಎಡವಟ್ಟಾದರೆ ಇಬ್ಬರೂ ಸಿಕ್ಕಿಕೊಳ್ಳುತ್ತೀರಿ. ಮಾಲೀಕರು ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ಇಕಾಮಾ ಮಾಡಿಸುತ್ತಿಲ್ಲ ಎಂದರೆ ಭಾರತದ ರಾಯಭಾರ ಕಚೇರಿಗೆ ಹೇಳಿ. ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಗದಗಿನಲ್ಲಿ ಕೂತ ಅಪ್ಪ ಅಥವಾ ಹೆಂಡತಿ ಕೂಡ ದೂರು ಬರೆಸಬಹುದು. ದುಬೈ, ರಿಯಾದ್, ಜಿದ್ದಾದಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಗಳಿವೆ. ಯುಎಇಯೊಳಗಿಂದ 80046342ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮನೆಯವರಿಗೂ ಒಂದು ಮಾತು: ಗಲ್ಫ್‌ನಲ್ಲಿರುವ ಮಗನ ಸಿಮ್ ಬಂದ್ ಆಗಿದೆ ಎಂದು ಗೊತ್ತಾದರೆ ಮೊದಲು ಕೇಳಬೇಕಾದ್ದು "ಇಕಾಮಾ ನಡೆದೈತೇನಪ್ಪಾ?" ಎಂದು. ಫೋನಿನ ಮಾತು ಆಮೇಲೆ.

ಕರೆ ಹೋಗುತ್ತದೆ, ಆದರೆ ಸರ್ಕಾರಿ ಆ್ಯಪ್ ಅಥವಾ ಬ್ಯಾಂಕ್ ಒಪ್ಪುತ್ತಿಲ್ಲ

"ಈ ನಂಬರ್ ನಿಮ್ಮ ಹೆಸರಿನಲ್ಲಿಲ್ಲ" ಎಂದು ಬಂದರೆ ಅದು ನಿಜವೇ ಇರಬಹುದು. ಹೊಸದಾಗಿ ಬಂದಾಗ ಕಂಪನಿಯ ಸೂಪರ್‌ವೈಸರ್ ಕೊಟ್ಟ ಸಿಮ್, ಮಾವನ ಮಗ ಊರಿಗೆ ಹೋಗುವಾಗ ಬಿಟ್ಟುಹೋದ ಸಿಮ್. ಇಂಥವೇ ಜಾಸ್ತಿ. ಸೌದಿಯಲ್ಲಿ 'ಅರ್ಕಾಮಿ', ಯುಎಇಯಲ್ಲಿ 'ಹೆಸಾಬಾತಿ' ಎಂಬ ಸರ್ಕಾರಿ ಸೇವೆಗಳಿವೆ. ನಿಮ್ಮ ಗುರುತಿನ ಚೀಟಿಯ ಮೇಲೆ ಯಾವ ಯಾವ ನಂಬರ್ ಇವೆ ಎಂದು ಅಲ್ಲಿ ತೋರಿಸುತ್ತಾರೆ. ನಿಮ್ಮ ನಂಬರ್ ಅಲ್ಲಿ ಇಲ್ಲ ಎಂದರೆ ಸಿಮ್ ಯಾರ ಹೆಸರಿನಲ್ಲಿದೆಯೋ ಅವರನ್ನು ಕರೆದುಕೊಂಡು ಮಳಿಗೆಗೆ ಹೋಗಿ ಹೆಸರು ಬದಲಿಸಿ. ಅವರು ಸಿಗದಿದ್ದರೆ ನಿಮ್ಮ ಹೆಸರಿನಲ್ಲಿ ಹೊಸ ಸಿಮ್ ತೆಗೆದುಕೊಳ್ಳಿ.

ನಿಮಗೆ ಗೊತ್ತಿಲ್ಲದ ನಂಬರ್ ಅಲ್ಲಿ ಇದ್ದರೆ ಅದೇ ದಿನ ರದ್ದು ಮಾಡಿಸಿ. ರಸ್ತೆ ಬದಿ ಸಿಮ್ ಮಾರುವವರು "ಬೆರಳು ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಒತ್ತಿ" ಎಂದು ಎರಡು ಮೂರು ಸಲ ಒತ್ತಿಸಿಕೊಂಡು ಬೇರೆ ಸಿಮ್ ತೆಗೆದಿರುವ ಸಾಧ್ಯತೆ ಇದೆ. ಬೆರಳು ಕೊಡುವುದಾದರೆ ಕಂಪನಿಯ ಮಳಿಗೆಯಲ್ಲಿ ಮಾತ್ರ.

ಇನ್ನು ಹೆಸರಿನ ತೊಂದರೆ. ನಮ್ಮ ಕಡೆಯವರಿಗೆ ಇದು ಬಹಳ. ನಮ್ಮಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ನಡುವೆ. ಒಂದರಲ್ಲಿ ಬಸವರಾಜ, ಇನ್ನೊಂದರಲ್ಲಿ ಬಸ್ವರಾಜ್. ಹಿರೇಮಠ ಒಂದು ಕಡೆ ಕೂಡಿಸಿ, ಇನ್ನೊಂದು ಕಡೆ ಬಿಡಿಸಿ. ಇಂಗ್ಲಿಷಿನಲ್ಲಿ ಬರೆದಾಗ ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಯಂತ್ರಕ್ಕೆ ಅದು ಬೇರೆ ಮನುಷ್ಯ. ಯಾವುದನ್ನು ಹಿಡಿಯಬೇಕು? ಪಾಸ್‌ಪೋರ್ಟ್. ವಾಸದ ಚೀಟಿ ಪಾಸ್‌ಪೋರ್ಟಿನ ಹಾಗಿದ್ದು ಸಿಮ್ ದಾಖಲೆ ಬೇರೆ ಇದ್ದರೆ ಸಿಮ್ ಕಂಪನಿಯಲ್ಲೇ ತಿದ್ದುಪಡಿ ಆಗುತ್ತದೆ. ಚೀಟಿಯಲ್ಲೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ. ಇಲ್ಲದಿದ್ದರೆ ಸಿಮ್ ಎಷ್ಟು ಸಲ ಬದಲಿಸಿದರೂ ಅಷ್ಟೇ.

ಊರಿನ ನಂಬರಿಗೆ ಓಟಿಪಿ ಬರುತ್ತಿಲ್ಲ

ರೋಮಿಂಗ್ ಸೇವೆ ಆನ್ ಇದೆಯಾ ಎಂದು ಕಂಪನಿಯ ಆ್ಯಪ್‌ನಲ್ಲಿ ನೋಡಿ. ಇದನ್ನು ಊರು ಬಿಡುವ ಮೊದಲೇ ಆನ್ ಮಾಡಿಸಿಕೊಂಡರೆ ಒಳ್ಳೆಯದು. ರೀಚಾರ್ಜ್ ಅವಧಿ ಮುಗಿದಿದ್ದರೆ ರಾಣೆಬೆನ್ನೂರಿನಲ್ಲಿರುವ ತಮ್ಮನಿಗೆ ಹೇಳಿ ಹಾಕಿಸಿ. ಸಿಮ್ ಈಗಷ್ಟೇ ಬದಲಿಸಿದ್ದರೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಅದು ದೋಷವಲ್ಲ, ವಂಚನೆ ತಡೆಯಲು ಬೇಕೆಂದೇ ಇಟ್ಟಿರುವ ನಿಯಮ. ಸುಮ್ನೆ ಒಂದು ದಿನ ಕಾಯಿರಿ.

ಪ್ರಿಪೇಯ್ಡ್ ನಂಬರನ್ನು 90 ದಿನ ಮುಟ್ಟದೇ ಬಿಟ್ಟರೆ ಅದು ರದ್ದಾಗಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ರದ್ದಾದ ನಂಬರ್ ಸ್ವಲ್ಪ ಕಾಲದ ಮೇಲೆ ಬೇರೆಯವರಿಗೆ ಹೋಗುತ್ತದೆ. ನಿಮ್ಮ ಬ್ಯಾಂಕಿನ ಓಟಿಪಿ ಆಗ ಅವರ ಫೋನಿಗೆ! ನಂಬರ್ ಹೋಗಿದೆ ಎಂದು ಖಾತ್ರಿಯಾದರೆ ಮೊದಲು ಬ್ಯಾಂಕಿಗೆ ಹೇಳಿ ಅದನ್ನು ತೆಗೆಸಿ, ಆಮೇಲೆ ಉಳಿದದ್ದು. ಸಿಮ್ ಅಪ್ಪನ ಹೆಸರಿನಲ್ಲಿದ್ದರೆ ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ಪಡೆಯಲು ಅಪ್ಪನೇ ಮಳಿಗೆಗೆ ಹೋಗಬೇಕಾಗುತ್ತದೆ.

ಎನ್ಆರ್‌ಇ ಅಥವಾ ಎನ್ಆರ್‌ಓ ಖಾತೆ (ಪರದೇಶದಲ್ಲಿರುವ ಭಾರತೀಯರಿಗೆ ಇಲ್ಲಿನ ಬ್ಯಾಂಕು ಕೊಡುವ ಖಾತೆ) ಇದ್ದವರಿಗೆ ಇನ್ನೊಂದು ದಾರಿ ಇದೆ. 2023ರಲ್ಲಿ ಯುಎಇ, ಸೌದಿ, ಒಮಾನ್, ಕತಾರ್ ಸೇರಿ ಹತ್ತು ದೇಶಗಳ ನಂಬರಿನಿಂದಲೇ ಯುಪಿಐ ನಡೆಸಲು ಅನುಮತಿ ಸಿಕ್ಕಿದೆ. ನಿಮ್ಮ ಬ್ಯಾಂಕ್ ಆ ಸೌಲಭ್ಯ ಕೊಡುತ್ತದೆಯಾ ಕೇಳಿ.

ಮನೆಯಲ್ಲಿರುವ ಹಿರಿಯರಿಗೆ "ಟ್ರಾಯ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಮಗನ ನಂಬರ್ ಬಂದ್ ಮಾಡುತ್ತೇವೆ, 9 ಒತ್ತಿ" ಎಂದು ಕರೆ ಬಂದರೆ ಇಟ್ಟುಬಿಡಲು ಹೇಳಿ. ಟ್ರಾಯ್ ಅಂದರೆ ಭಾರತದ ಟೆಲಿಕಾಂ ನಿಯಂತ್ರಣ ಸಂಸ್ಥೆ, ಅದು ಹೀಗೆ ಯಾರಿಗೂ ಕರೆ ಮಾಡುವುದಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸೆಕೆಂಡ್ ಹ್ಯಾಂಡ್ ಫೋನ್ ತೆಗೆದುಕೊಂಡ ಮೇಲೆ ಬಂದ್

ಕದ್ದ ಫೋನ್ ಆಗಿದ್ದರೆ ಅದರ ಐಎಂಇಐ ಕಪ್ಪುಪಟ್ಟಿಯಲ್ಲಿ ಇರಬಹುದು. ಊರಿನಲ್ಲಿ ಕೊಳ್ಳುವಾಗಲೇ ನೋಡಿಬಿಡಿ. ಇಂಗ್ಲಿಷ್ ಅಕ್ಷರದಲ್ಲಿ ಕೆ, ವೈ, ಎಂ ಬರೆದು, ಒಂದು ಜಾಗ ಬಿಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. ಕಪ್ಪುಪಟ್ಟಿ ಎಂದು ಬಂದರೆ ಆ ಫೋನ್ ಕೊಳ್ಳಬೇಡಿ, ಎಷ್ಟೇ ಅಗ್ಗ ಇರಲಿ.

"ಐಎಂಇಐ ಬದಲಿಸಿ ಕೊಡ್ತೀವಿ" ಎನ್ನುವವರು ಇಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ಆ ಮಾತು ಕಿವಿಗೆ ಬಿದ್ದರೆ ಫೋನ್ ತೆಗೆದುಕೊಂಡು ಹೊರಗೆ ಬನ್ನಿ. ಭಾರತದ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಪರದೇಶದಲ್ಲಿ ಸಿಕ್ಕಿಬಿದ್ದರೆ ಕೆಲಸವೂ ಹೋಗಬಹುದು, ವೀಸಾವೂ ಹೋಗಬಹುದು.

ಕೆಲಸ ಬಿಟ್ಟು ಊರಿಗೆ ವಾಪಸ್ ಬರುವಾಗ

ಸಿಮ್ ಮುರಿದು ಕಸದ ಬುಟ್ಟಿಗೆ ಹಾಕಿದರೆ ನಂಬರ್ ರದ್ದಾಗುವುದಿಲ್ಲ. ವಾಸದ ಚೀಟಿ ಇನ್ನೂ ಚಾಲೂ ಇರುವಾಗಲೇ ಮಳಿಗೆಗೆ ಹೋಗಿ ನಿಮ್ಮ ಹೆಸರಿನ ಎಲ್ಲ ನಂಬರ್ ರದ್ದು ಮಾಡಿಸಿ, ಬಾಕಿ ತೀರಿಸಿ, ಬಾಕಿ ಇಲ್ಲ ಎಂಬ ಕಾಗದ ಪಡೆಯಿರಿ. ಆದರೆ ಅದನ್ನು ಕೊನೆಗೆ ಮಾಡಿ. ಕೊನೆಯ ಸಂಬಳ, ಬ್ಯಾಂಕ್ ಖಾತೆ ಮುಚ್ಚುವುದು, ಅಬ್ಶೆರ್‌ನಂಥ ಆ್ಯಪ್‌ಗಳ ಕೆಲಸ ಎಲ್ಲದಕ್ಕೂ ಓಟಿಪಿ ಬರುವುದು ಅದೇ ನಂಬರಿಗೆ. ನಂಬರ್ ಮೊದಲೇ ರದ್ದಾದರೆ ಆ ಬಾಗಿಲುಗಳೆಲ್ಲ ಮುಚ್ಚುತ್ತವೆ.